ಕಾಲಿಗೆ ಸ್ಪರ್ಶ ತಿಳಿಯದಾದಾಗ ಮನೆಯೊಳಗೆ ಮಾಡಿಕೊಳ್ಳಬೇಕಾದ ಏರ್ಪಾಡು

ಕಳೆದ ವಾರ ಮುಲುಂಡಿನಿಂದ ನನ್ನ ತಂಗಿ ಫೋನು ಮಾಡಿ, "ಅಕ್ಕಾ, ಇವರ ಕಾಲುರಿಗೆ ಡಾಕ್ಟರು ನ್ಯೂರೋಪಥಿ ಎಂದು ಹೆಸರು ಹೇಳಿದ್ದಾರೆ, ಭಾವನಿಗೆ ಆದದ್ದೂ ಇದೇ ಅಲ್ಲವೇ?" ಎಂದು ಕೇಳಿದಳು. ಹೌದು, ಇದೇ. ನ್ಯೂರೋಪಥಿಯೆಂದರೆ ನರಗಳು ಕೆಟ್ಟು ಉರಿ, ಜೋಮು ಬರುವ ಕಾಯಿಲೆ. ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಈ ಕಾಯಿಲೆಯ ಜೊತೆ ಸಂಸಾರ ಮಾಡಲು ತೊಡಗಿ 11 ವರ್ಷಗಳಾದವು. ಫೋನಿನಲ್ಲಿ ಕೇಳಿದ್ದರಲ್ಲಿ ಅರ್ಧ ಮರೆತುಹೋಗುವುದರಿಂದ, ಅವಳಿಗೆ ಹೇಳಬೇಕಾದುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಅದೇ ಹೆಸರನ್ನು ಹೊಸದಾಗಿ ಕೇಳಿ ಗಾಬರಿಯಾದ ಬೇರೆ ಮನೆಯವರಿಗೂ ಉಪಯೋಗವಾದರೆ ಆಗಲಿ. ನಾನು ವೈದ್ಯಳಲ್ಲ. ಔಷಧಿಯ ಮಾತು ವೈದ್ಯರದು, ಬಚ್ಚಲು, ಅಡಿಗೆಮನೆ ಮತ್ತು ಚಪ್ಪಲಿ ಬಿಡುವ ಮೂಲೆಯ ಮಾತು ನನ್ನದು.

ಮೊದಲು ತಿಳಿಯಬೇಕಾದದ್ದು, ನಮಗೂ ತಡವಾಗಿ ತಿಳಿದದ್ದು, ಒಂದಿದೆ. ಉರಿಯುವ ಕಾಲು ರಾತ್ರಿಯಿಡೀ ಕೂಗುತ್ತಿರುವುದರಿಂದ ಮನೆಮಂದಿಯ ಗಮನವೆಲ್ಲ ಉರಿಯ ಮೇಲೆಯೇ ಇರುತ್ತದೆ, ಆದರೆ ಅಪಾಯವಿರುವುದು ಸದ್ದಿಲ್ಲದೆ ಮರಗಟ್ಟಿದ ಭಾಗದಲ್ಲಿ. ನಮ್ಮ ಯಜಮಾನರು ಆಗ ಮಾಟುಂಗಾದ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದರು. ಹಿಂದಿನ ರಾತ್ರಿಯೆಲ್ಲ ಅಂಗಾಲು ಉರಿಯುತ್ತದೆಂದು ನಿದ್ದೆಗೆಟ್ಟವರು ಮರುದಿನ ಸಂಜೆ ಮನೆಗೆ ಬಂದು ಬೂಟು ಕಳಚಿದಾಗ, ಒಳಗಿಂದ ಸೋಡಾ ಬಾಟಲಿಯ ತಗಡಿನ ಮುಚ್ಚಳವೊಂದು ನೆಲಕ್ಕೆ ಬಿತ್ತು. ಬೆಳಗ್ಗೆ ಲೋಕಲ್ ಹತ್ತಿ ಇಳಿದದ್ದು, ದಿನವಿಡೀ ಓಡಾಡಿದ್ದು, ಸಂಜೆಯ ಗುಂಪಿನಲ್ಲಿ ನಿಂತುಕೊಂಡೇ ಬಂದದ್ದು, ಎಲ್ಲವೂ ಆ ಮುಚ್ಚಳದ ಮೇಲೆಯೇ. ಕಾಲುಚೀಲ ರಕ್ತದಲ್ಲಿ ನೆನೆದು ಒಣಗಿತ್ತು, ಅವರಿಗೆ ಏನೂ ಗೊತ್ತಾಗಿರಲಿಲ್ಲ. ಆ ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಅಂದಿನಿಂದ ನಾನು ಒಂದು ಲೆಕ್ಕ ಇಟ್ಟುಕೊಂಡೆ: ಇಷ್ಟು ದಿನ ನೋವು ಮಾಡುತ್ತಿದ್ದ ಕಾವಲು ಕೆಲಸವನ್ನು ಇನ್ನು ಮುಂದೆ ಕಣ್ಣು, ಮೊಣಕೈ, ದೀಪ ಮತ್ತು ಗಡಿಯಾರ ಹಂಚಿಕೊಂಡು ಮಾಡಬೇಕು.

ಇದೇಕೆ ಕಾಲಿನಿಂದಲೇ ಶುರುವಾಗುತ್ತದೆ ಎಂದು ತಂಗಿ ಕೇಳಿದ್ದಳು. ದೇಹದ ಅತಿ ಉದ್ದದ ನರಗಳು ಬೆನ್ನುಹುರಿಯ ಕೆಳಭಾಗದಿಂದ ಕಾಲ್ಬೆರಳಿನವರೆಗೆ ಹೋಗುತ್ತವೆ, ಸಾಮಾನ್ಯವಾಗಿ ಈ ಕಾಯಿಲೆ ಹಿಡಿಯುವುದು ಅವುಗಳ ತುದಿಯನ್ನೇ. ಆದ್ದರಿಂದ ಎರಡೂ ಕಾಲುಗಳಲ್ಲಿ ಕಾಲುಚೀಲ ಹಾಕುವಷ್ಟು ಜಾಗಕ್ಕೆ ಜೋಮು ಬರುತ್ತದೆ, ಅದು ಮೊಣಕಾಲಿನ ಸಮೀಪಕ್ಕೆ ಏರುವ ಹೊತ್ತಿಗೆ ಕೈಬೆರಳ ತುದಿಗಳೂ ಮಂದವಾಗುತ್ತವೆ. ವೈದ್ಯರು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಮುಟ್ಟಿಸಿ, 128 ಹರ್ಟ್ಸ್‌ನ ಶ್ರುತಿಕವೆಯನ್ನು (ಬಡಿದರೆ ಕಂಪಿಸುವ ಲೋಹದ ಕವೆ) ಹೆಬ್ಬೆರಳ ಗಂಟಿಗೆ ಇಟ್ಟು ನೋಡುವುದು ಎಲ್ಲಿಯವರೆಗೆ ಸ್ಪರ್ಶ ಉಳಿದಿದೆ ಎಂದು ತಿಳಿಯುವುದಕ್ಕೆ. ಆ ಹೊತ್ತಿನಲ್ಲಿ ಮನೆಯವರೊಬ್ಬರು ಪಕ್ಕದಲ್ಲಿದ್ದು, ಯಾವ ಯಾವ ಜಾಗ ತಿಳಿಯಲಿಲ್ಲ ಎಂಬುದನ್ನು ಕಾಗದದ ಮೇಲೆ ಪಾದದ ಚಿತ್ರ ಬರೆದು ಗುರುತು ಮಾಡಿಕೊಂಡರೆ, ಮನೆಯಲ್ಲಿ ಎಲ್ಲಿ ಹೆಚ್ಚು ನಿಗಾ ಇಡಬೇಕೆಂಬುದು ಸ್ಪಷ್ಟವಾಗುತ್ತದೆ.

ಸಕ್ಕರೆ ಕಾಯಿಲೆಯೇ ಇದಕ್ಕೆ ಅತಿ ಸಾಮಾನ್ಯ ಕಾರಣವಾದರೂ ಅದೊಂದೇ ಕಾರಣವಲ್ಲ. ಬಿ12 ಜೀವಸತ್ವದ ಕೊರತೆ, ಥೈರಾಯ್ಡ್, ಮೂತ್ರಪಿಂಡದ ತೊಂದರೆ, ಮದ್ಯಪಾನ, ಕೆಲವು ಕ್ಯಾನ್ಸರ್ ಔಷಧಿಗಳು, ಇವೆಲ್ಲವೂ ನರವನ್ನು ಕೆಡಿಸುತ್ತವೆ. ಹಾಲು ಮೊಸರು ಕಡಿಮೆ ತಿನ್ನುವ ಸಸ್ಯಾಹಾರಿಗಳಲ್ಲಿ ಬಿ12 ಇಳಿಯುವುದುಂಟು. ಸಕ್ಕರೆ ಕಾಯಿಲೆಗೆ ಮೆಟ್ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿಯೂ ಇಳಿಯುವುದುಂಟು. ಆದ್ದರಿಂದ ಸಕ್ಕರೆಯಿಂದಲೇ ಆದದ್ದೆಂದು ನಾವೇ ತೀರ್ಮಾನಿಸಿ ಸುಮ್ಮನಾಗದೆ, ಬಿ12 ರಕ್ತಪರೀಕ್ಷೆ ಆಗಿದೆಯೇ ಎಂದು ವಿಚಾರಿಸಬೇಕು. ಇದರ ಜೊತೆಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮೂಲೆಯ ಮೆಡಿಕಲ್ ಅಂಗಡಿಯಿಂದ ನರಕ್ಕೆ ಶಕ್ತಿ ಬರುವ ಗುಳಿಗೆಯೆಂದು ತಾವೇ ತಂದು ತಿಂಗಳುಗಟ್ಟಲೆ ನುಂಗುವ ಅಭ್ಯಾಸ ನಮ್ಮವರಲ್ಲಿ ಬಹಳ. ಅಂತಹವುಗಳಲ್ಲಿರುವ ಬಿ6 ಪ್ರಮಾಣ ಮೀರಿ ಬಹುಕಾಲ ಹೊಟ್ಟೆಗೆ ಹೋದರೆ ಅದೇ ನರಗಳನ್ನು ಹಾಳುಮಾಡುತ್ತದೆ. ಮನೆಯಲ್ಲಿರುವ ಎಲ್ಲ ಡಬ್ಬಿಗಳನ್ನೂ, ಟಾನಿಕ್ಕುಗಳನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯುವುದು ಒಳ್ಳೆಯದು.

ಇನ್ನು ದಿನದ ಕೆಲಸಗಳು. ರಾತ್ರಿ ಊಟವಾದ ಮೇಲೆ, ಟಿವಿಯ ಮುಂದೆ ಕೂರುವ ಮೊದಲು, ಎರಡೂ ಪಾದಗಳನ್ನು ಬೆಳಕಿನಲ್ಲಿ ನೋಡಬೇಕು. ಬಗ್ಗಲು ಆಗದವರು ಗೋಡೆಯ ಕನ್ನಡಿಯನ್ನು ನೆಲಕ್ಕಿಟ್ಟು ಅದರ ಮೇಲೆ ಅಂಗಾಲು ಹಿಡಿದು ನೋಡಬಹುದು, ಆದರೆ ಮನೆಯವರು ನೋಡುವುದೇ ಮೇಲು, ಏಕೆಂದರೆ ಅರುವತ್ತು ದಾಟಿದ ಕಣ್ಣಿಗೆ ಕನ್ನಡಿಯಲ್ಲಿ ಸಣ್ಣ ಬಿರುಕು ಕಾಣುವುದಿಲ್ಲ. ನೋಡಬೇಕಾದದ್ದು ಹಿಮ್ಮಡಿಯ ಸೀಳು, ಬೆರಳ ಸಂದಿಯ ಬಿಳಿ ತೇವ, ಕೆಂಪಾದ ಜಾಗ, ಗುಳ್ಳೆ, ಬಣ್ಣ ಬದಲಾದ ಉಗುರು. ಬಳಿಕ ಕೈಯ ಹಿಂಭಾಗದಿಂದ ಎರಡೂ ಪಾದಗಳನ್ನು ಮುಟ್ಟಿ ಒಂದು ಇನ್ನೊಂದಕ್ಕಿಂತ ಬಿಸಿಯಾಗಿದೆಯೇ ಎಂದು ತಿಳಿದುಕೊಳ್ಳಬೇಕು. ನೋವಿಲ್ಲದೆ ಒಂದೇ ಪಾದ ಊದಿ ಬಿಸಿಯಾಗಿದ್ದರೆ, ಒಳಗೆ ಮೂಳೆ ಮುರಿದು ಕುಸಿಯುತ್ತಿರಬಹುದು. ಉಳುಕೆಂದು ಎಣ್ಣೆ ತಿಕ್ಕಿ ನಡೆಸದೆ, ಕಾಲೂರದಂತೆ ಅದೇ ದಿನ ತೋರಿಸಬೇಕು. ಕೊಬ್ಬರಿ ಎಣ್ಣೆಯನ್ನು ಹಿಮ್ಮಡಿಗೂ ಅಂಗಾಲಿಗೂ ಹಚ್ಚಬಹುದು, ಬೆರಳ ಸಂದಿಗೆ ಮಾತ್ರ ಬೇಡ, ಅಲ್ಲಿ ಒದ್ದೆ ಉಳಿದರೆ ಬೂಷ್ಟು ಬೆಳೆಯುತ್ತದೆ. ಉಗುರನ್ನು ಮೂಲೆ ಕೊರೆಯದೆ ನೇರವಾಗಿ ತೆಗೆಯಬೇಕು. ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಆಣಿ ಉದುರಿಸುವ ಪಟ್ಟಿ ಅಂಟಿಸುವುದು, ಇವೆರಡನ್ನೂ ನಮ್ಮ ಮನೆಯಲ್ಲಿ ನಿಷೇಧಿಸಿದ್ದೇನೆ. ಆ ಪಟ್ಟಿಯಲ್ಲಿರುವ ಆಮ್ಲಕ್ಕೆ ಆಣಿ ಯಾವುದು, ಒಳ್ಳೆಯ ಚರ್ಮ ಯಾವುದು ಎಂಬ ವಿವೇಕವಿಲ್ಲ.

ಬಚ್ಚಲಿನಲ್ಲಿ ಎರಡು ವಿಷಯಗಳಿವೆ, ಒಂದು ಬಿಸಿ, ಇನ್ನೊಂದು ಸಮತೋಲ ತಪ್ಪುವುದು. ಗೀಸರಿನ ನೀರನ್ನು ಕಾಲಿಗೆ ಸುರಿದು ನೋಡಬಾರದು, ಬೆರಳದ್ದಿಯೂ ನೋಡಬಾರದು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬಿಟ್ಟು, ಮೊಣಕೈಯಿಂದ ಮುಟ್ಟಿ ತಿಳಿಯಬೇಕು. ಉರಿಯೋ ಜೋಮೋ ಇದ್ದಾಗ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲಿಡುವುದು, ಬಿಸಿನೀರಿನ ಚೀಲ ಒತ್ತುವುದು ನಮ್ಮ ತಾಯಂದಿರ ಕಾಲದಿಂದ ಬಂದ ಮದ್ದು. ಸ್ಪರ್ಶವಿರುವ ಕಾಲಿಗೆ ಅದು ಹಿತ, ಇಲ್ಲದ ಕಾಲಿಗೆ ಬೊಬ್ಬೆ. ಸಮತೋಲದ ವಿಷಯ ಹೀಗಿದೆ. ಅಂಗಾಲು ನೆಲವನ್ನು ಅರಿಯದಿದ್ದಾಗ ಮನುಷ್ಯ ಕಣ್ಣಿನಿಂದಲೇ ನಿಂತಿರುತ್ತಾನೆ. ಮುಖಕ್ಕೆ ಸಾಬೂನು ಹಚ್ಚಿ ಕಣ್ಣು ಮುಚ್ಚಿದ ಕ್ಷಣದಲ್ಲಿ, ಇಲ್ಲವೇ ರಾತ್ರಿ ಎರಡು ಗಂಟೆಗೆ ದೀಪ ಹಾಕದೆ ಎದ್ದಾಗ, ಅವನ ಆಧಾರ ತಪ್ಪುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತೇ ಸ್ನಾನ, ಗೋಡೆಗೆ ಒಂದು ಹಿಡಿಕೆ, ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಸಣ್ಣ ದೀಪ. ಉರಿಗೆ ಕೊಡುವ ಪ್ರೆಗಾಬಾಲಿನ್, ಗಾಬಾಪೆಂಟಿನ್, ಡುಲೋಕ್ಸೆಟಿನ್, ಅಮಿಟ್ರಿಪ್ಟಿಲಿನ್ ಮುಂತಾದ ಮಾತ್ರೆಗಳಿಂದ ತೂಕಡಿಕೆ ಮತ್ತು ತಲೆಸುತ್ತು ಬರುವುದುಂಟು, ಅದರಲ್ಲೂ ಮೊದಲ ವಾರಗಳಲ್ಲಿ. ಎದ್ದ ತಕ್ಷಣ ನಡೆಯದೆ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂರಲಿ. ಈ ಮಾತ್ರೆಗಳು ಉರಿಯನ್ನು ತಗ್ಗಿಸುತ್ತವೆ, ಹೋದ ಸ್ಪರ್ಶವನ್ನು ಮರಳಿ ತರುವುದಿಲ್ಲ, ಮತ್ತು ಇವನ್ನು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸುವಂತಿಲ್ಲ.

ನನ್ನ ಮನೆಯಲ್ಲಿ ಅತಿ ದೊಡ್ಡ ಜಗಳವಾದದ್ದು ಮನೆಯೊಳಗೆ ಚಪ್ಪಲಿ ಹಾಕುವ ವಿಷಯದಲ್ಲಿ. ದೇವರ ಗೂಡು ಇರುವ ಕೋಣೆಯಲ್ಲಿ ಚಪ್ಪಲಿಯೇ ಎಂದು ನಮ್ಮತ್ತೆ ಎರಡು ದಿನ ಮಾತು ಬಿಟ್ಟಿದ್ದರು. ಕೊನೆಗೆ ಹೊರಗೆ ಕಾಲಿಡದ, ವಾರಕ್ಕೊಮ್ಮೆ ತೊಳೆಯುವ, ಮನೆಗೆಂದೇ ಮೀಸಲಾದ ಜೋಡಿಯೊಂದನ್ನು ತಂದು, ಅದನ್ನು ಮಡಿಬಟ್ಟೆಯ ಹಾಗೆ ಬೇರೆಯೇ ಇಟ್ಟ ಮೇಲೆ ಒಪ್ಪಿದರು. ದೇವಸ್ಥಾನದ ಬಿಸಿಲು ಕಾದ ಕಲ್ಲಿನ ಮೇಲೆ ದಪ್ಪ ಹತ್ತಿಯ ಕಾಲುಚೀಲ ಹಾಕಿ ನಡೆಯಲಿ, ಅದೂ ಬೆಳಗ್ಗೆ ಬೇಗ. ಪ್ರಭಾದೇವಿಯ ಸಿದ್ಧಿವಿನಾಯಕನಿಗೆ ಬರಿಗಾಲಿನಲ್ಲಿ ನಡೆದು ಬರುವ ಹರಕೆಯೇನಾದರೂ ನನ್ನ ತಂಗಿಯ ಗಂಡನಿಗಿದ್ದರೆ, ಅದನ್ನು ಮಕ್ಕಳು ತೀರಿಸಲಿ.

ಹೊರಗಿನ ಪಾದರಕ್ಷೆಯ ಬಗ್ಗೆ ಹೇಳುವಾಗ ವೆಲ್ಲೂರಿನ ಮಾತು ಬಾರದೆ ಇರದು. 1946ರಲ್ಲಿ ಅಲ್ಲಿಯ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರು, ಕುಷ್ಠರೋಗಿಗಳ ಬೆರಳು ಸವೆಯುವುದು ರೋಗ ತಿಂದುಹಾಕುವುದರಿಂದಲ್ಲ, ನೋವು ತಿಳಿಯದೆ ಆಗುವ ಪೆಟ್ಟುಗಳಿಂದ ಎಂದು ತೋರಿಸಿಕೊಟ್ಟರು. ಅಂತಹ ಕಾಲುಗಳಿಗಾಗಿ ಬಳಕೆಗೆ ಬಂದ ಮೆತ್ತನೆಯ ಎಂಸಿಆರ್ (ಮೈಕ್ರೋಸೆಲ್ಯುಲರ್) ರಬ್ಬರಿನ ಚಪ್ಪಲಿಯನ್ನೇ ಈಗ ಸಕ್ಕರೆ ಕಾಯಿಲೆಯ ಕಾಲಿಗೂ ಹೊಲಿಸಿಕೊಡುತ್ತಾರೆ. ಬೆರಳ ನಡುವೆ ಪಟ್ಟಿ ಬರುವ ಹವಾಯಿ ಚಪ್ಪಲಿ ಬೇಡ. ಸಂದಿಯನ್ನು ಉಜ್ಜುವುದಲ್ಲದೆ, ಅದು ಕಾಲಿನಿಂದ ಜಾರಿಹೋದರೂ ತಿಳಿಯುವುದಿಲ್ಲ. ಪ್ಲಾಟ್‌ಫಾರಂನಲ್ಲಿ ಒಂದು ಚಪ್ಪಲಿ ಬಿಟ್ಟು ಗಾಡಿ ಹತ್ತಿ ಘಾಟ್ಕೋಪರಿನಲ್ಲಿ ಅದನ್ನು ಗಮನಿಸಿದವರನ್ನು ನಾನು ಬಲ್ಲೆ. ಹಿಂದೆ ಪಟ್ಟಿಯಿರುವ, ಮುಂದೆ ಅಗಲವಾದ ಜೋಡಿ ಬೇಕು. ಪಾದ ಸಂಜೆಗೆ ಸ್ವಲ್ಪ ಊದುವುದರಿಂದ ಸಂಜೆಯೇ ಕೊಳ್ಳಬೇಕು, ಮೊದಲ ದಿನ ಅರ್ಧ ಗಂಟೆ ಮಾತ್ರ ಹಾಕಿ ಬಿಚ್ಚಿ ನೋಡಬೇಕು. ಬೂಟಾದರೆ ಪ್ರತಿ ಸಲವೂ ತಲೆಕೆಳಗೆ ಮಾಡಿ ಕೊಡವಿ, ಒಳಗೆ ಕೈಯಾಡಿಸಿಯೇ ಹಾಕಬೇಕು. ಕಾಲುಚೀಲ ಬಿಳಿಯದಾಗಿರಲಿ, ರಕ್ತವೋ ಕೀವೋ ತಟ್ಟನೆ ಕಾಣುತ್ತದೆ.

ಮುಂಬಯಿಯ ಮಳೆಗಾಲವನ್ನು ಪ್ರತ್ಯೇಕವಾಗಿ ಹೇಳಲೇಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಊರೆಲ್ಲ ಎದೆಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿತ್ತು, ಅದರ ಬೆನ್ನಿಗೇ ಲೆಪ್ಟೊಸ್ಪೈರೋಸಿಸ್ ಎಂಬ ಇಲಿಜ್ವರ ಹಬ್ಬಿತು. ಇಲಿಯ ಮೂತ್ರ ಬೆರೆತ ನೀರಿನಿಂದ ಆ ಜ್ವರದ ಕ್ರಿಮಿ ಚರ್ಮದ ಬಿರುಕುಗಳ ಮೂಲಕ ಒಳಹೊಗುತ್ತದೆ. ತನ್ನ ಕಾಲಿನ ಬಿರುಕು ತನಗೇ ತಿಳಿಯದವನು ನಿಂತ ನೀರಿಗೆ ಇಳಿಯದಿರುವುದೇ ಲೇಸು. ಇಳಿಯಲೇಬೇಕಾಗಿ ಬಂದರೆ ಮನೆಗೆ ಬಂದು ಸಾಬೂನಿನಿಂದ ತೊಳೆದು, ಒರೆಸಿ, ಪರೀಕ್ಷಿಸಿ, ಮುಂಜಾಗ್ರತೆಯ ಮಾತ್ರೆ ಬೇಕೇ ಎಂದು 72 ಗಂಟೆಗಳೊಳಗೆ ವೈದ್ಯರನ್ನು ಕೇಳಬೇಕೆಂಬುದು ಮಹಾನಗರ ಪಾಲಿಕೆಯವರ ಪ್ರತಿ ಮಳೆಗಾಲದ ಸೂಚನೆ. ಸಮುದ್ರದ ನೀರೂ ಅಷ್ಟೇ. 2013ರ ಗಣೇಶೋತ್ಸವದಲ್ಲಿ ಗಿರ್‌ಗಾಂವ್ ಚೌಪಾಟಿಯಲ್ಲಿ ವಿಸರ್ಜನೆಗೆ ನೀರಿಗಿಳಿದ ಹಲವರಿಗೆ ತೊರಕೆ ಮೀನು ಚುಚ್ಚಿತ್ತು. ಅವರಿಗೆ ಚುಚ್ಚಿದ್ದು ಗೊತ್ತಾಗಿತ್ತಲ್ಲ, ಅದೇ ಅವರ ಪುಣ್ಯ.

ಅಡಿಗೆಮನೆಯ ಮಾತು ಬೇಗ ಮುಗಿಸುತ್ತೇನೆ. ಕೈಬೆರಳಿಗೂ ಜೋಮು ಬಂದಿದ್ದರೆ ಕಾವಲಿಯನ್ನು ಸೀರೆಯ ಸೆರಗಿನಿಂದ ಹಿಡಿಯುವುದನ್ನು ಬಿಟ್ಟು ಇಕ್ಕಳವನ್ನೇ ಬಳಸಬೇಕು, ಸ್ಟೀಲ್ ಲೋಟದ ಬದಲು ಹಿಡಿಯಿರುವ ಕಪ್ಪು ಇಡಬೇಕು. ಮಣೆಯ ಮೇಲೆ ಚಕ್ಕಳಬಕ್ಕಳ ಕುಳಿತು ಗಂಟೆಗಟ್ಟಲೆ ತರಕಾರಿ ಹೆಚ್ಚುವುದು, ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕುವುದು, ಎರಡರಿಂದಲೂ ಮೊಣಕಾಲಿನ ಪಕ್ಕದ ನರ ಅದುಮಿ ಪಾದ ಎತ್ತಲಾಗದಂತೆ ಆಗಬಹುದು.

ರಾತ್ರಿ ಹೊದಿಕೆ ತಗುಲಿದರೂ ಉರಿಯುತ್ತದೆ ಎನ್ನುವವರಿಗೆ, ಹಾಸಿಗೆಯ ಕೊನೆಯಲ್ಲಿ ಎರಡೂ ಬದಿ ಕತ್ತರಿಸಿದ ರಟ್ಟಿನ ಪೆಟ್ಟಿಗೆಯೊಂದನ್ನು ಮಗುಚಿಟ್ಟು, ಅದರ ಮೇಲೆ ಹೊದಿಕೆ ಹರಡಿ, ಕೆಳಗೆ ಕಾಲು ಚಾಚಲು ಹೇಳಿ. ಮಂಜುಗಡ್ಡೆ ಬೇಡ, ಫ್ಯಾನಿನ ಗಾಳಿ ಸಾಕು. ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿಯೇ ಮಲಗಬೇಕು. ನಾವು ಪರೇಲಿನ ಚಾಳಿನಲ್ಲಿದ್ದಾಗ ನೆರೆಯ ಅಜ್ಜನೊಬ್ಬರ ಹೆಬ್ಬೆರಳನ್ನು ಇಲಿ ಕಡಿದು, ಅವರಿಗೆ ಬೆಳಗ್ಗೆ ಹಾಸಿಗೆಯ ಕಲೆ ನೋಡಿಯೇ ಗೊತ್ತಾಯಿತು.

2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆಯ ಸುತ್ತಮುತ್ತ ಗಿಯಾನ್-ಬಾರೆ ಕಾಯಿಲೆ ಕಾಣಿಸಿಕೊಂಡ ಸುದ್ದಿ ಓದಿದ ತಂಗಿಗೆ, ಇದೂ ಅದೇಯೋ ಎಂಬ ಹೆದರಿಕೆಯಿದೆ. ಅದೂ ನರದ್ದೇ, ಆದರೆ ಅದು ದಿನಗಳಲ್ಲಿ ಏರುತ್ತದೆ, ಇದು ವರ್ಷಗಳಲ್ಲಿ. ಕಾಲಿನ ಬಲವೇ ಎರಡು ಮೂರು ದಿನಗಳಲ್ಲಿ ಕುಸಿದು ಮೇಲೇರುತ್ತಿದ್ದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಗಾಯದ ಸುತ್ತ ಕೆಂಪು ಹರಡಿದರೆ, ವಾಸನೆ ಬಂದರೆ, ಜ್ವರವಿದ್ದರೆ, ಆಗಲೂ ಬೆಳಗಾಗಲೆಂದು ಕಾಯುವಂತಿಲ್ಲ.

ಬರುವ ಮಂಗಳವಾರ ಅವರಿಬ್ಬರನ್ನೂ ಹಾಜಿ ಅಲಿಯ ಬಳಿ ಇರುವ ಅಖಿಲ ಭಾರತ ಭೌತಿಕ ವೈದ್ಯಕೀಯ ಮತ್ತು ಪುನರ್ವಸತಿ ಸಂಸ್ಥೆಗೆ ಕರೆದುಕೊಂಡು ಹೋಗುವುದೆಂದು ಮಾಡಿದ್ದೇನೆ. ಬರುವಾಗ ಅವರ ಹಳೆಯ ಚಪ್ಪಲಿಗಳನ್ನು ಎಸೆಯದೆ ಚೀಲದಲ್ಲಿ ತರಬೇಕೆಂದು ತಂಗಿಗೆ ಹೇಳಿದ್ದೇನೆ. ಅಟ್ಟೆ ಎಲ್ಲಿ ಹೆಚ್ಚು ಸವೆದಿದೆಯೋ ಪಾದದ ಭಾರ ಬೀಳುತ್ತಿರುವುದು ಅಲ್ಲಿಯೇ, ಹೊಸ ಚಪ್ಪಲಿಗೆ ಅಳತೆ ತೆಗೆಯುವವರಿಗೆ ಅದನ್ನು ತೋರಿಸಬೇಕು.