ಅಕ್ಕನ ಲ್ಯಾಪ್‌ಟಾಪ್‌ಗೆ ಹೊಸ ಡಿಸ್ಕ್ ಆರಿಸಿದ ಬಗೆ

ಅಕ್ಕನ ಹಳೆಯ ಲ್ಯಾಪ್‌ಟಾಪ್ ವಿಪರೀತ ನಿಧಾನವಾಗಿತ್ತು. ಟಾಸ್ಕ್ ಮ್ಯಾನೇಜರ್ ನೋಡಿದರೆ ಪ್ರೊಸೆಸರ್ ಆರಾಮಾಗಿತ್ತು, ಡಿಸ್ಕ್ ಮಾತ್ರ ಸದಾ 100%. ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶ ಹಾಕಿದೆ, ಹಳದಿ ಎಚ್ಚರಿಕೆ, ಸಿ5 ಸಾಲಿನಲ್ಲಿ ಸೊನ್ನೆ ಇರಲಿಲ್ಲ. ಅಂದರೆ ಡಿಸ್ಕ್‌ಗೆ ಓದಲು ಕಷ್ಟವಾಗುತ್ತಿರುವ ಸೆಕ್ಟರ್‌ಗಳಿವೆ (ಮಾಹಿತಿ ಇಡುವ ಚಿಕ್ಕ ಭಾಗಗಳು). ಬೇರೇನೂ ಮಾಡದೆ ಮೊದಲು ಮಕ್ಕಳ ಫೋಟೋ, ದಾಖಲೆಗಳನ್ನು ಎಕ್ಸ್‌ಟರ್ನಲ್ ಡ್ರೈವ್‌ಗೆ ನಕಲು ಮಾಡಿಕೊಂಡೆ.

ಅಂಗಡಿಯವರು 7200 ಆರ್‌ಪಿಎಂ (ನಿಮಿಷಕ್ಕೆ 7200 ಸುತ್ತು) ಹಾರ್ಡ್ ಡಿಸ್ಕ್ ಸಾಕು ಎಂದರು. ನಾನು ಒಪ್ಪಲಿಲ್ಲ. 5400 ಆರ್‌ಪಿಎಂ ಡಿಸ್ಕ್‌ನ ತಟ್ಟೆ ಒಂದು ಸುತ್ತು ತಿರುಗಲು ಸುಮಾರು 11 ಮಿಲಿಸೆಕೆಂಡ್, 7200ರದ್ದು 8, ಉಳಿಯುವುದು ಇಷ್ಟೇ. ವಿಂಡೋಸ್ ಶುರುವಾಗುವಾಗ ಸಾವಿರಾರು ಚಿಕ್ಕ ಫೈಲ್ ಓದಬೇಕು, ಪ್ರತಿ ಸಲವೂ ತಟ್ಟೆಯನ್ನು ಓದುವ ಹೆಡ್ ಓಡಾಡಬೇಕು. ಮಾಹಿತಿಯನ್ನು ಚಿಪ್‌ಗಳಲ್ಲಿ ಇಡುವ ಎಸ್‌ಎಸ್‌ಡಿಯಲ್ಲಿ ಓಡಾಡುವ ಭಾಗವೇ ಇಲ್ಲ. ನೆಲಕ್ಕೆ ಕುಕ್ಕಿದರೂ ಭಯ ಕಡಿಮೆ.

ಅಕ್ಕ ಬಳಸಿದ್ದು 200 ಜಿಬಿಯೂ ಇರಲಿಲ್ಲ, ಹಾಗಾಗಿ ಹಳೆಯ ಡಿಸ್ಕ್‌ನ ಜಾಗದಲ್ಲೇ ಕೂರುವ 500 ಜಿಬಿ ಸಾಟಾ ಎಸ್‌ಎಸ್‌ಡಿ ತಂದೆ. ಅದೇ ಬೆಲೆಗೆ ಹೆಸರು ಕೇಳದ 1 ಟಿಬಿಯೂ ಸಿಗುತ್ತಿತ್ತು. ನನಗೆ ಐದು ವರ್ಷದ ವಾರಂಟಿ ಮುಖ್ಯವಾಯಿತು. ಹಳೆಯದು 9.5 ಮಿಮೀ ದಪ್ಪ, ಹೊಸದು 7. ಅಲುಗಾಡದಂತೆ ತೆಳು ಸ್ಪೇಸರ್ ಅಂಟಿಸಿದೆ.

ಕೆಟ್ಟ ಸೆಕ್ಟರ್‌ಗಳಿದ್ದರಿಂದ ಹಳೆಯ ಡಿಸ್ಕನ್ನು ಇದ್ದಂತೆಯೇ ನಕಲು (ಕ್ಲೋನ್) ಮಾಡದೆ ವಿಂಡೋಸ್ ಹೊಸದಾಗಿ ಹಾಕಿದೆ. ಈಗ ಬಟನ್ ಒತ್ತಿದ ಅರ್ಧ ನಿಮಿಷದೊಳಗೆ ಕೆಲಸಕ್ಕೆ ಸಿದ್ಧ. ಎಸ್‌ಎಸ್‌ಡಿ ಕೆಟ್ಟರೆ ಮುನ್ಸೂಚನೆ ಕೊಡದೆ ಹೋಗಬಹುದು, ಆದ್ದರಿಂದ ಬ್ಯಾಕಪ್ ಮುಂದುವರಿಸಿದ್ದೇವೆ. ವಿಂಡೋಸ್ 465 ಜಿಬಿ ಎಂದು ತೋರಿಸಿದರೆ ಗಾಬರಿ ಬೇಡ. ತಯಾರಕರದ್ದು 1000ದ ಲೆಕ್ಕ, ವಿಂಡೋಸ್‌ನದು 1024ರದ್ದು.