ಪಕ್ಷದ ಅಧ್ಯಕ್ಷರ ಆಯ್ಕೆ: ಮೊದಲು ಪಟ್ಟಿ ಸರಿಪಡಿಸಿ

ಹಾಸನ ಜಿಲ್ಲೆಯಲ್ಲಿ ಪಕ್ಷವೊಂದರ ಆಂತರಿಕ ಚುನಾವಣೆಗಳಲ್ಲಿ ಹಲವು ಬಾರಿ ಕೆಲಸ ಮಾಡಿದ್ದೇನೆ. ತಕರಾರು ಎಣಿಕೆಯ ಮೇಜಿನಲ್ಲಿ ಹುಟ್ಟಿದ್ದು ಕಡಿಮೆ, ಸದಸ್ಯರ ಪಟ್ಟಿಯಲ್ಲಿ ಹುಟ್ಟಿದ್ದೇ ಹೆಚ್ಚು.

ಮೊದಲಿಗೆ ಯಾವ ಹುದ್ದೆಗೆ ಆಯ್ಕೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಅಧ್ಯಕ್ಷರು ಸಂಘಟನೆಯನ್ನು ನಡೆಸುವವರು. ಶಾಸಕಾಂಗ ಪಕ್ಷದ ನಾಯಕರು ಶಾಸಕರಿಂದ ಆಯ್ಕೆಯಾಗಿ ಸದನದಲ್ಲಿ ಪಕ್ಷವನ್ನು ಮುನ್ನಡೆಸುವವರು. 1996ರಲ್ಲಿ ಹಲವು ಪಕ್ಷಗಳ ಮೈತ್ರಿಕೂಟವಾದ ಸಂಯುಕ್ತ ರಂಗವು ನಮ್ಮ ಹೊಳೆನರಸೀಪುರದ ಎಚ್.ಡಿ. ದೇವೇಗೌಡರನ್ನು ನಾಯಕರನ್ನಾಗಿ ಆರಿಸಿ ಅವರು ಪ್ರಧಾನಿಯಾದಾಗ, ಅವರದೇ ಪಕ್ಷವಾದ ಜನತಾ ದಳದ ಅಧ್ಯಕ್ಷರಾಗಿದ್ದವರು ಲಾಲು ಪ್ರಸಾದ್ ಯಾದವ್.

ನಂತರ ಪಕ್ಷದ ಸಂವಿಧಾನವನ್ನು ಓದಿ. ಮತದ ಹಕ್ಕು ಯಾರಿಗೆ, ಅವಧಿ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ.

ಇನ್ನು ಪಟ್ಟಿ. ಸಕಲೇಶಪುರದ ಕಡೆಯ ಒಂದು ಊರಿನ ಅರ್ಜಿಗಳನ್ನು ಹರಡಿಕೊಂಡು ಕುಳಿತಾಗ, ಹಾಳೆಯ ಮೇಲೆ ಹಾಳೆ ಒಂದೇ ಮೊಬೈಲ್ ಸಂಖ್ಯೆ, ಒಂದೇ ಕೈಬರಹದ ಸಹಿ ಕಂಡವು. ಅವರಲ್ಲಿ ಇಬ್ಬರು ತೀರಿಕೊಂಡು ವರ್ಷವಾಗಿತ್ತು. ಆದ್ದರಿಂದ ಪ್ರತಿ ಹೆಸರನ್ನೂ ಶುಲ್ಕದ ರಸೀದಿಯೊಂದಿಗೆ, ಮತದಾರರ ಗುರುತಿನ ಚೀಟಿಯ ಸಂಖ್ಯೆಯೊಂದಿಗೆ ತಾಳೆ ಹಾಕಿ, ಕರಡು ಪಟ್ಟಿಯನ್ನು ಕಚೇರಿಯ ಬಾಗಿಲಿಗೆ ಅಂಟಿಸಿ, ಆಕ್ಷೇಪಣೆಗೆ 15 ದಿನವಾದರೂ ಕೊಡಿ. ಕಾಫಿ ಕೊಯ್ಲಿನ ದಿನಗಳಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ, ತೋಟದ ಕೆಲಸ ಬಿಟ್ಟು ಯಾರೂ ಪಟ್ಟಿ ನೋಡಲು ಬರುವುದಿಲ್ಲ. ಮಿಸ್ಡ್ ಕಾಲ್ ಸದಸ್ಯತ್ವವನ್ನಂತೂ ಮತದ ಹಕ್ಕಿಗೆ ಆಧಾರ ಮಾಡಲೇಬೇಡಿ. ಕರೆ ಮಾಡಿದವರು ಯಾರೆಂಬುದಕ್ಕೆ ಅದು ಪುರಾವೆಯಲ್ಲ. ಅಭ್ಯರ್ಥಿಗಳೆಲ್ಲರಿಗೂ ಅಂತಿಮ ಪಟ್ಟಿಯ ಪ್ರತಿ ಸಿಗಲೇಬೇಕು. 2022ರಲ್ಲಿ ಕಾಂಗ್ರೆಸ್ ಅಧ್ಯಕ್ಷ ಚುನಾವಣೆಗೆ ಮುನ್ನ ಆ ಪಕ್ಷದ ಐವರು ಸಂಸದರು ಪತ್ರ ಬರೆದು ಕೇಳಿದ್ದೂ ಮತದಾರ ಪ್ರತಿನಿಧಿಗಳ ಪಟ್ಟಿಯನ್ನೇ.

ನಾಮಪತ್ರ, ಪರಿಶೀಲನೆ, ವಾಪಸಾತಿಗೆ ಒಂದೊಂದು ದಿನ ಸಾಕು. ನಾಮಪತ್ರಕ್ಕೂ ಮೊದಲೇ ‘ಆಯ್ಕೆಯನ್ನು ಹೈಕಮಾಂಡಿಗೆ ಬಿಟ್ಟಿದ್ದೇವೆ’ ಎಂಬ ಒಂದು ಸಾಲಿನ ನಿರ್ಣಯಕ್ಕೆ ಕೈ ಎತ್ತಬೇಡಿ. ಸದಸ್ಯರ ಹಕ್ಕು ಅಲ್ಲಿಗೇ ಮುಗಿಯುತ್ತದೆ.

ಮತಪತ್ರದಲ್ಲಿ ಯಾವ ಗುರುತು ಹಾಕಬೇಕೆಂಬುದನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ. ಅದೇ 2022ರ ಚುನಾವಣೆಯಲ್ಲಿ ಹೆಸರಿನ ಮುಂದೆ ‘1’ ಬರೆಯಬೇಕೆಂಬ ಸೂಚನೆಯನ್ನು ಆಕ್ಷೇಪಣೆ ಬಂದ ಮೇಲೆ ಬದಲಿಸಿ ಸರಿ ಗುರುತು ಎಂದು ಮಾಡಲಾಯಿತು. ಚಲಾವಣೆಯಾದ 9,385 ಮತಗಳಲ್ಲಿ ಮಲ್ಲಿಕಾರ್ಜುನ ಖರ್ಗೆಯವರಿಗೆ 7,897, ಶಶಿ ತರೂರ್ ಅವರಿಗೆ 1,072 ಬಂದವು, 416 ತಿರಸ್ಕೃತಗೊಂಡವು.

ಎಣಿಕೆ ಮುಗಿದೊಡನೆ ತಿರಸ್ಕೃತ ಮತಪತ್ರಗಳನ್ನು ಬೇರೆ ಲಕೋಟೆಗೆ ಹಾಕಿ, ಎಲ್ಲ ಅಭ್ಯರ್ಥಿಗಳ ಏಜೆಂಟರ ಸಹಿ ಪಡೆದು, ಅವರ ಎದುರಿನಲ್ಲೇ ಅರಗಿನ ಮೊಹರು ಒತ್ತಿ.