ಚಳಿಗೆ ಎಬಿಎಸ್ ಲೈಟ್ ಹತ್ತಿತಾ? ಪಾರ್ಟ್ ಬದಲಿಸುವ ಮುಂಚೆ ಇಷ್ಟು ನೋಡಿ

ಡಿಸೆಂಬರ್ ಬಂತು ಅಂದರೆ ಮಂಡ್ಯ ಕಡೆ ರಸ್ತೆಗಳ ಕಥೆಯೇ ಬೇರೆ. ಹೊತ್ತು ಏರಿದರೂ ನಾಲೆ ಪಕ್ಕ ಮಂಜು ಬಿಟ್ಟಿರುವುದಿಲ್ಲ, ಗದ್ದೆಯಿಂದ ಹತ್ತಿ ಬಂದ ಟ್ರ್ಯಾಕ್ಟರ್ ಚಕ್ರದ ಕೆಸರು ಟಾರಿನ ಮೇಲೆ ಮೆತ್ತಿಕೊಂಡಿರುತ್ತದೆ, ಕಬ್ಬಿನ ಸೋಗೆ ಇಬ್ಬನಿಗೆ ನೆಂದು ಜಾರುತ್ತಿರುತ್ತದೆ, ಸ್ವಲ್ಪ ಮುಂದೆ ಹೋದರೆ ಯಾರೋ ರಸ್ತೆಯನ್ನೇ ಕಣ ಮಾಡಿಕೊಂಡು ಹುರುಳಿ ಹರಡಿರುತ್ತಾರೆ. ಬ್ರೇಕ್ ಚೆನ್ನಾಗಿರಲೇಬೇಕಾದ ಕಾಲ ಇದು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ, ಅಂದರೆ ತಿರುಗುವುದು ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ದೀಪ ಹತ್ತುವುದೂ ಇದೇ ಕಾಲಕ್ಕೆ.

ಸುಮ್ನೆ ಗಾಬರಿ ಬೇಡ. ಹಳದಿ ದೀಪ ಒಂದೇ ಹತ್ತಿದ್ದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ, ಎಬಿಎಸ್ ಮಾತ್ರ ಇರುವುದಿಲ್ಲ. ಅಂದರೆ ಜಾರುವ ಕಡೆ ಜೋರಾಗಿ ಬ್ರೇಕ್ ಒತ್ತಿದರೆ ಚಕ್ರ ಲಾಕ್ ಆಗುತ್ತದೆ, ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ನೆಟ್ಟಗೆ ಹೋಗುತ್ತದೆ. ನಿಧಾನವಾಗಿ, ಮುಂದಿನ ಗಾಡಿಯಿಂದ ದೂರ ಇಟ್ಟುಕೊಂಡು ಮನೆ ಸೇರಬಹುದು. ಜೊತೆಗೆ ಕೆಂಪು ಬ್ರೇಕ್ ದೀಪವೂ ಇದ್ದರೆ ಮಾತ್ರ ವಿಷಯ ಬೇರೆ. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ, ಬಾನೆಟ್ ತೆಗೆದು ಬ್ರೇಕ್ ಆಯಿಲ್ ಮಟ್ಟ ನೋಡಿ. ಆಮೇಲೂ ಕೆಂಪು ಆರದಿದ್ದರೆ ಗಾಡಿ ಓಡಿಸಬೇಡಿ, ಟೋಯಿಂಗ್‌ನವರನ್ನು ಕರೆಯಿರಿ.

ಈಗ ಮುಖ್ಯ ಪ್ರಶ್ನೆ: ದೀಪ ಯಾವಾಗ ಹತ್ತಿತು? ಇದೊಂದನ್ನು ಸರಿಯಾಗಿ ಗಮನಿಸಿದರೆ ಅರ್ಧ ಕೆಲಸ ಮುಗಿದ ಹಾಗೆ. ಆದರೆ ಜಾಸ್ತಿ ಜನ ಇದನ್ನು ನೋಡುವುದೇ ಇಲ್ಲ, "ಲೈಟ್ ಬರ್ತಿದೆ" ಅಂತ ಮಾತ್ರ ಗ್ಯಾರೇಜಿನಲ್ಲಿ ಹೇಳಿ ಬರುತ್ತಾರೆ.

ಸ್ಟಾರ್ಟ್ ಮಾಡುವಾಗಲೇ ಹತ್ತಿದರೆ

ಕೀ ತಿರುಗಿಸಿದಾಗ ಕೆಲವು ಸೆಕೆಂಡ್ ಉರಿದು ಆರುವುದು ಸಹಜ. ಚಳಿಯ ಬೆಳಗ್ಗೆ ಎಂಜಿನ್ ಒದ್ದಾಡಿಕೊಂಡು ಸ್ಟಾರ್ಟ್ ಆಗಿ, ಆಮೇಲೂ ದೀಪ ಉಳಿದು, ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಹೋಗುತ್ತದೆ ಅಂದರೆ ಮೊದಲ ಅನುಮಾನ ಬ್ಯಾಟರಿ ಮೇಲೆ. ಸ್ಟಾರ್ಟರ್ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ಎಬಿಎಸ್ ಕಂಪ್ಯೂಟರ್ ಅದನ್ನು ದೋಷ ಅಂತ ಬರೆದುಕೊಳ್ಳುತ್ತದೆ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ. ಸುಮಾರು 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಇದೆ, 12.2ರ ಹತ್ತಿರ ಇದ್ದರೆ ಅರ್ಧ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5ರ ಒಳಗೆ ಬರಬೇಕು. ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಉಜ್ಜಿ ತೆಗೆದು ಬಿಗಿ ಮಾಡಿ. ಬ್ಯಾಟರಿಯಿಂದ ಕಾರಿನ ಮೈಗೆ ಹೋಗುವ ಅರ್ತ್ ವೈರನ್ನೂ ಬಿಡಬೇಡಿ.

ಹೊರಟ ಮೇಲೆ ಹತ್ತಿದರೆ

ಸ್ಟಾರ್ಟ್ ಆದಾಗ ದೀಪ ಆರಿತ್ತು, ಗೇಟು ದಾಟಿ ಸ್ವಲ್ಪ ವೇಗ ಬಂದ ಕೂಡಲೇ ಹತ್ತಿತು. ಇಲ್ಲಿ ಬಹುಪಾಲು ವೀಲ್ ಸ್ಪೀಡ್ ಸೆನ್ಸರಿನದೇ ಕಾಟ. ಒಂದೊಂದು ಚಕ್ರದ ಹತ್ತಿರವೂ ಒಂದು ಸೆನ್ಸರ್ ಇರುತ್ತದೆ, ಅದರ ಎದುರಿಗೆ ಹಲ್ಲಿನ ರಿಂಗ್ ಅಥವಾ ಬೇರಿಂಗ್ ಸೀಲಿನಲ್ಲೇ ಅಡಗಿರುವ ಅಯಸ್ಕಾಂತದ ರಿಂಗ್ ತಿರುಗುತ್ತದೆ. ಇವೆರಡರ ನಡುವೆ ಇರುವುದು ಕೂದಲೆಳೆ ಜಾಗ. ಚಕ್ರ ತಿರುಗಲು ಶುರುವಾದ ಮೇಲೆಯೇ ಕಂಪ್ಯೂಟರಿಗೆ ನಾಲ್ಕೂ ಸಿಗ್ನಲ್ ಹೋಲಿಸಿ ನೋಡಲು ಆಗುವುದು, ಅದಕ್ಕೇ ದೀಪ ತಡವಾಗಿ ಹತ್ತುತ್ತದೆ.

ಹಿಮ ಬೀಳುವ ದೇಶಗಳಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ, ಆ ಉಪ್ಪಿಗೆ ರಿಂಗ್ ತುಕ್ಕು ಹಿಡಿದು ಉಬ್ಬುವುದು ಅಲ್ಲಿನ ದೊಡ್ಡ ತಲೆನೋವು. ನಮ್ಮಲ್ಲಿ ಉಪ್ಪಿಲ್ಲ, ಕೆಸರು ಇದೆ, ಹುಲ್ಲು ಇದೆ, ಇಲಿ ಇದೆ. ಕೆಸರು ಸೆನ್ಸರ್ ಸುತ್ತ ಒಣಗಿ ಗಟ್ಟಿಯಾಗುತ್ತದೆ. ಹುರುಳಿ ಸೊಪ್ಪು ಆಕ್ಸಲ್‌ಗೆ ಸುತ್ತಿಕೊಂಡರೆ ಸೆನ್ಸರ್ ವೈರನ್ನೂ ಎಳೆದು ಕಿತ್ತುಬಿಡಬಹುದು (ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿಯ ಭಯವೂ ಇದೆ, ಹಾಗಾಗಿ ಒಕ್ಕಣೆ ದಾಟಿದ ಮೇಲೆ ಇಳಿದು ಒಮ್ಮೆ ಕೆಳಗೆ ಬಗ್ಗಿ ನೋಡುವುದು ಒಳ್ಳೆಯದು). ಇನ್ನು ಇಲಿ. ಚಳಿಗೆ ಎಂಜಿನ್ ಬಿಸಿ ಹುಡುಕಿಕೊಂಡು ಬಂದು ಬಾನೆಟ್ ಒಳಗೆ ಮಲಗುತ್ತದೆ, ಮಲಗಿ ಸುಮ್ಮನಿರುವುದಿಲ್ಲ, ವೈರು ಕಡಿಯುತ್ತದೆ.

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಉಳಿದ ಚಕ್ರಕ್ಕೆ ಕಲ್ಲು ಕೊಟ್ಟು, ಜ್ಯಾಕ್ ಜೊತೆಗೆ ಸ್ಟ್ಯಾಂಡನ್ನೂ ಇಟ್ಟು ಚಕ್ರ ಬಿಚ್ಚಿ. ಚಕ್ರ ಕೂರುವ ಹಬ್ ಹಿಂದೆ ಸೆನ್ಸರ್ ಕಾಣುತ್ತದೆ. ಹಳೇ ಟೂತ್‌ಬ್ರಷ್, ನೀರು ಅಥವಾ ಬ್ರೇಕ್ ಕ್ಲೀನರ್ ಸಾಕು. ಸ್ಕ್ರೂಡ್ರೈವರಿನಿಂದ ರಿಂಗ್ ಕೆರೆಯಬೇಡಿ, ವಾಟರ್ ಸರ್ವಿಸ್ ಗನ್ನನ್ನು ಹತ್ತಿರದಿಂದ ನೇರ ಹಿಡಿಯಬೇಡಿ, ಅಯಸ್ಕಾಂತದ ರಿಂಗ್ ಇರುವ ಕಡೆ ಬೇರೆ ಅಯಸ್ಕಾಂತ ಹತ್ತಿರ ತರಲೇಬೇಡಿ. ಸೆನ್ಸರಿನಿಂದ ಕನೆಕ್ಟರ್ ತನಕ ವೈರನ್ನು ಕೈಯಲ್ಲಿ ಸವರಿಕೊಂಡು ಹೋಗಿ. ಕನೆಕ್ಟರ್ ಒಳಗೆ ಹಸಿರು ಪಾಚಿಯಂಥದ್ದು ಕಂಡರೆ ನೀರು ಹೋಗಿದೆ. ತಿರುವಿನಲ್ಲಿ ಮಾತ್ರ ದೀಪ ಹತ್ತುತ್ತದಾ? ಹಾಗಾದರೆ ಮುಂದಿನ ಚಕ್ರದ ವೈರು ಬಗ್ಗುವ ಜಾಗದಲ್ಲಿ ಒಳಗೇ ತುಂಡಾಗಿರಬಹುದು, ಇಲ್ಲವೇ ಬೇರಿಂಗ್ ಆಡುತ್ತಿರಬಹುದು.

ಬೇರಿಂಗ್ ಕೆಲಸ ಮಾಡಿಸಿದ ಮೇಲೆ ದೀಪ ಶುರುವಾದರೆ ಬೇರೆಲ್ಲೂ ಹುಡುಕಬೇಡಿ. ಅಯಸ್ಕಾಂತದ ಮುಖ ಸೆನ್ಸರ್ ಕಡೆ ಬರಬೇಕಾದ ಬೇರಿಂಗನ್ನು ಉಲ್ಟಾ ಒತ್ತಿದ್ದಾರಾ ಅಂತ ಕೇಳಿ. ಟೈರ್ ಬದಲಿಸಿದ ಮೇಲೆ ಬಂದರೆ ನಾಲ್ಕೂ ಒಂದೇ ಸೈಜಾ, ಗಾಳಿ ಸಮನಾಗಿದೆಯಾ ನೋಡಿ, ಇಲ್ಲದಿದ್ದರೆ ಚಕ್ರಗಳ ವೇಗ ಹೊಂದುವುದಿಲ್ಲ. ಗಾಳಿಯನ್ನು ಬೆಳಗ್ಗೆ, ಗಾಡಿ ಓಡುವ ಮುಂಚೆ ನೋಡಬೇಕು. ಹತ್ತು ಡಿಗ್ರಿ ತಣ್ಣಗಾದರೆ ಒಂದೆರಡು ಪಿಎಸ್‌ಐ ಇಳಿಯುತ್ತದೆ.

ದೀಪ ಇಲ್ಲ, ಆದರೆ ಪೆಡಲ್ ಡಗಡಗ ಅನ್ನುತ್ತದೆ

ನೆಂದ ಸೋಗೆ ಮೇಲೆ ಜೋರಾಗಿ ಒತ್ತಿದಾಗ ಹಾಗಾದರೆ ಎಬಿಎಸ್ ತನ್ನ ಕೆಲಸ ಮಾಡುತ್ತಿದೆ. ಕಾಲು ತೆಗೆಯಬೇಡಿ, ಒತ್ತಿ ಬಿಟ್ಟು ಮಾಡಬೇಡಿ, ಒತ್ತಿ ಹಿಡಿದು ಸ್ಟೀರಿಂಗ್ ತಿರುಗಿಸಿ. ಒಣ ಟಾರಿನ ಮೇಲೆ, ಇನ್ನೇನು ಗಾಡಿ ನಿಲ್ಲಬೇಕು ಅನ್ನುವಾಗ ಡಗಡಗ ಬಂದರೆ ಅದು ತಪ್ಪು ಸಿಗ್ನಲ್. ನಿಧಾನ ವೇಗದಲ್ಲಿ ಒಂದು ಸೆನ್ಸರ್ ಬೇಗ ಸೊನ್ನೆಗೆ ಬಿದ್ದಿರುತ್ತದೆ, ಚಕ್ರ ಲಾಕ್ ಆಯಿತು ಅಂದುಕೊಂಡು ಕಂಪ್ಯೂಟರ್ ಬ್ರೇಕ್ ಸಡಿಲಿಸುತ್ತದೆ. ಕೊಳೆ, ತುಕ್ಕು ಅಥವಾ ಬಿರುಕು ಬಿಟ್ಟ ರಿಂಗ್ ಇದಕ್ಕೆ ಕಾರಣ. ಇದನ್ನು ಹಾಗೇ ಬಿಡಬೇಡಿ, ಟ್ರಾಫಿಕ್ ಸಿಗ್ನಲ್ಲಿನಲ್ಲಿ ಮುಂದಿನ ಗಾಡಿಗೆ ಗುದ್ದಿಸುವುದು ಇದೇ. ಹೆದ್ದಾರಿ ವೇಗದಲ್ಲಿ ಬ್ರೇಕ್ ಒತ್ತಿದಾಗ ಸ್ಟೀರಿಂಗೂ ಸೇರಿ ನಡುಗಿದರೆ ಎಬಿಎಸ್ ತಂಟೆಗೆ ಹೋಗಬೇಡಿ, ಮೊದಲು ಡಿಸ್ಕ್ ನೋಡಿಸಿ.

ಊಟಿಗೆ ಹೋಗುವವರಿಗೆ ಒಂದು ಮಾತು. ಬಂಡೀಪುರದ ಗೇಟು ಬೆಳಗ್ಗೆ ಆರಕ್ಕೆ ತೆರೆಯುತ್ತದೆ ಅಂತ ಮೈಸೂರಿನಿಂದ ನಸುಕಿನಲ್ಲೇ ಹೊರಡುತ್ತೀರಿ ಅಲ್ವಾ, ಹೊರಡುವ ಮುಂಚೆಯೇ ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಅಂತ ನೋಡಿಕೊಳ್ಳಿ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ಅನ್ನುವ ಗ್ರೇಡಿನ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ತನಕ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಬಂದರೆ ಬಿಸಿಗೆ ಆಯಿಲ್ ಕುದಿದು ಪೆಡಲ್ ಮೆತ್ತಗಾಗುತ್ತದೆ, ಎಬಿಎಸ್ ಎಷ್ಟು ಚೆನ್ನಾಗಿದ್ದರೂ ಅದಕ್ಕೆ ಉಪಯೋಗವಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಮುಚ್ಚಳದ ಮೇಲೆ ಬರೆದ ಗ್ರೇಡನ್ನೇ ಹಾಕಿಸಿ, ಇಳಿಜಾರಿನಲ್ಲಿ ಚಿಕ್ಕ ಗೇರಿನಲ್ಲಿ ಬನ್ನಿ. ಜನವರಿಯಲ್ಲಿ ಊಟಿ ಸುತ್ತಮುತ್ತ ನೆಲ ಮಂಜುಗಟ್ಟುವುದೂ ಇದೆ. ಅಂಥ ಕಡೆ, ಹಾಗೇ ಜಲ್ಲಿಯ ಮೇಲೆ, ಎಬಿಎಸ್ ಇದ್ದರೂ ಗಾಡಿ ನಿಲ್ಲಲು ಜಾಸ್ತಿ ದೂರ ಬೇಕು.

ಬೈಕಿನವರಿಗೆ: ಹೊರಟು ಸ್ವಲ್ಪ ದೂರ ಹೋಗುವ ತನಕ ದೀಪ ಉರಿಯುವುದು ಮಾಮೂಲಿ. ಸ್ಟ್ಯಾಂಡ್ ಹಾಕಿ ಎಂಜಿನ್ ಓಡಿಸಿ ಹಿಂದಿನ ಚಕ್ರ ತಿರುಗಿಸಿದರೂ ಕೆಲವು ಬೈಕಿನಲ್ಲಿ ಹತ್ತುತ್ತದೆ, ಮುಂದಿನದು ನಿಂತಿದೆಯಲ್ಲ. ಆಫ್ ಮಾಡಿ ಒಂದು ಸುತ್ತು ಓಡಿಸಿದರೆ ಹೋಗುತ್ತದೆ. (ಚೈನ್ ತೊಳೆಯುವಾಗ ಎಂಜಿನ್ ಓಡಿಸಬೇಡಿ, ಬೆರಳು ಹೋಗುತ್ತದೆ.) ಸಿಂಗಲ್ ಚಾನಲ್ ಆದರೆ ಎಬಿಎಸ್ ಇರುವುದು ಮುಂದಿನ ಚಕ್ರಕ್ಕೆ ಮಾತ್ರ, ಕೆಸರಿನಲ್ಲಿ ಹಿಂದಿನದು ಜಾರುತ್ತದೆ.

ಇಷ್ಟು ನೋಡಿಯೂ ಹೋಗದಿದ್ದರೆ ಸ್ಕ್ಯಾನರ್ ಬೇಕು. ಅಗ್ಗದ ಬ್ಲೂಟೂತ್ ರೀಡರುಗಳು ಸಾಮಾನ್ಯವಾಗಿ ಎಂಜಿನ್ ಕೋಡ್ (ಕಂಪ್ಯೂಟರ್ ಬರೆದಿಟ್ಟ ದೋಷದ ಗುರುತು) ಮಾತ್ರ ಓದುತ್ತವೆ, ಎಬಿಎಸ್ ಓದುವ ಸ್ಕ್ಯಾನರ್ ಇರುವ ಗ್ಯಾರೇಜಿಗೇ ಹೋಗಿ. ದೀಪ ಎಷ್ಟು ವೇಗದಲ್ಲಿ ಹತ್ತಿತು, ನೆಟ್ಟಗಿದ್ದಾಗಲಾ ತಿರುವಿನಲ್ಲಾ, ರಸ್ತೆ ಒದ್ದೆಯಿತ್ತಾ ಅಂತ ಹೇಳಿ. ಕೋಡ್ ಅಳಿಸುವ ಮುಂಚೆ ಫೋಟೊ ತೆಗೆದುಕೊಳ್ಳಿ. "ಮುಂದಿನ ಎಡ ಸೆನ್ಸರ್" ಅಂತ ಬಂದರೆ ಸೆನ್ಸರೇ ಸತ್ತಿದೆ ಅಂತಲ್ಲ, ವೈರು, ರಿಂಗ್, ಬೇರಿಂಗ್ ಯಾವುದೂ ಆಗಿರಬಹುದು. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿಕೊಂಡು ನಾಲ್ಕೂ ಚಕ್ರದ ವೇಗ ಪರದೆಯ ಮೇಲೆ ನೋಡಿ ಅನ್ನಿ, ಯಾವುದು ತಪ್ಪುತ್ತಿದೆ ಅಂತ ಅಲ್ಲೇ ಕಾಣುತ್ತದೆ. ಅದನ್ನು ನೋಡದೆ ಯಾರಾದರೂ ನೇರವಾಗಿ "ಎಬಿಎಸ್ ಮಾಡ್ಯೂಲ್ (ಎಬಿಎಸ್ ಕಂಪ್ಯೂಟರ್ ಇರುವ ಭಾಗ) ಹೋಗಿದೆ" ಅಂದರೆ ಗಾಡಿ ವಾಪಸ್ ತೆಗೆದುಕೊಂಡು ಇನ್ನೊಬ್ಬರಿಗೆ ತೋರಿಸಿ.